ಹೆಡರ್ ಪಕ್ಕದ ಪೆಟ್ರೋಲ್ ಲೈನಿಗೆ ಹೀಟ್ ಸ್ಲೀವ್: ಮಲೆನಾಡಿನ ಮಳೆಗೆ ಎಷ್ಟು ತಡೆಯಿತು?

ಹೆಡರ್ ಅಂದರೆ ಎಂಜಿನ್ನಿನ ಬಿಸಿ ಹೊಗೆಯನ್ನು ಹೊರಗೆ ಒಯ್ಯುವ ಪೈಪು; ಅದರ ಬಿಸಿ ಪಕ್ಕದ ಲೈನಿಗೆ ತಾಗದಂತೆ ಹಾಕುವ ಕವಚ ಹೀಟ್ ಸ್ಲೀವ್. ಕೆಂಪು ಸಿಲಿಕೋನ್ ಲೇಪದ ಫೈರ್ ಸ್ಲೀವ್‌ಗೆ ಐದಕ್ಕೆ ನಾಲ್ಕೂವರೆ. ಬೆಳ್ಳಿ ಬಣ್ಣದ ಅಲ್ಯೂಮಿನಿಯಂ ಸ್ಲೀವ್‌ಗೆ ಮೂರು. ಸೈಲೆನ್ಸರ್ ಪೈಪಿಗೆ ಸುತ್ತುವ ಎಕ್ಸಾಸ್ಟ್ ವ್ರ್ಯಾಪ್‌ಗೆ, ನಮ್ಮ ಕಡೆಯ ಮಟ್ಟಿಗೆ, ಒಂದು. ಮೂರನ್ನೂ ಒಂದೇ ಪಾರ್ಸೆಲ್‌ನಲ್ಲಿ ಆನ್‌ಲೈನ್‌ನಿಂದ ತರಿಸಿ 2022ರ ಬೇಸಿಗೆಯಲ್ಲಿ ಒಂದೇ ಗಾಡಿಗೆ ಹಾಕಿದ್ದು. ಹಾಕಿದ ವಾರದಲ್ಲೇ ಬರೆದಿದ್ದರೆ ಮೂರಕ್ಕೂ ಐದು ಕೊಡುತ್ತಿದ್ದೆ. ಆಮೇಲೆ ಇದೇ ಗಾಡಿ ಕಾಫಿ ಕೊಯ್ಲಿನಲ್ಲಿ ಮೂಟೆ ಹೊತ್ತಿದೆ, ಚಾರ್ಮಾಡಿ ಹತ್ತಿದೆ, ಜುಲೈ ತಿಂಗಳ ಕೆಸರಲ್ಲಿ ಹೊಟ್ಟೆ ಮುಳುಗಿಸಿಕೊಂಡು ನಿಂತಿದೆ. ಮಾರುವವರು ಬರೀ ಬಿಸಿಯ ಲೆಕ್ಕ ಕೊಡುತ್ತಾರೆ. ಮೂಡಿಗೆರೆ ಕಡೆಯವರಿಗೆ ನೀರಿನ ಲೆಕ್ಕವೂ ಬೇಕು.

ಗಾಡಿ ಮಹೀಂದ್ರಾ ಸಿಜೆ 3ಬಿ, ಹರಿಕೇನ್ ಪೆಟ್ರೋಲ್ ಎಂಜಿನ್. ಬಾನೆಟ್ ಎತ್ತರ ಇರೋ ಜೀಪು ಅಂದರೆ ತೋಟದ ಹಳಬರಿಗೆ ತಕ್ಷಣ ಗೊತ್ತಾಗುತ್ತದೆ. ಈ ಎಂಜಿನ್‌ನಲ್ಲಿ ಇನ್‌ಟೇಕ್ ವಾಲ್ವ್ ಮೇಲಿನ ಹೆಡ್‌ನಲ್ಲಿ, ಎಕ್ಸಾಸ್ಟ್ (ಹೊಗೆ ಹೊರಹೋಗುವ) ವಾಲ್ವ್ ಕೆಳಗಿನ ಬ್ಲಾಕ್‌ನಲ್ಲಿ. ಹಾಗಾಗಿ ಎಕ್ಸಾಸ್ಟ್ ಬ್ಲಾಕಿನ ಎಡ ಮಗ್ಗುಲಿಂದ ಹೊರಗೆ ಬರುತ್ತದೆ. ಕ್ಯಾಮ್‌ಶಾಫ್ಟ್‌ನಿಂದ ಓಡುವ ಪೆಟ್ರೋಲ್ ಪಂಪೂ ಅದೇ ಮಗ್ಗುಲಲ್ಲಿ ಕೂತಿದೆ. ಬೆಂಕಿ, ಪೆಟ್ರೋಲ್ ಎರಡಕ್ಕೂ ಒಂದೇ ಓಣಿ. ನನ್ನ ಗಾಡಿಯ ಎರಕದ ಮ್ಯಾನಿಫೋಲ್ಡ್ (ಸಿಲಿಂಡರುಗಳ ಹೊಗೆಯನ್ನು ಒಟ್ಟುಗೂಡಿಸಿ ಹೊರಬಿಡುವ ಭಾಗ) ಬಿರುಕು ಬಿಟ್ಟಿತ್ತು, ಬದಲಿಗೆ ಒಳ್ಳೆಯದು ಸಿಗಲಿಲ್ಲ. ರಿಸ್ಟೋರ್ ಮಾಡುವಾಗ ಪೈಪ್ ಬಾಗಿಸಿ ವೆಲ್ಡ್ ಮಾಡಿದ ಹೆಡರ್ ಹಾಕಿಸಬೇಕಾಯಿತು. ಎರಕ ದಪ್ಪ, ನಿಧಾನಕ್ಕೆ ಕಾಯುತ್ತದೆ. 16 ಗೇಜಿನ ಪೈಪಿನ ಗೋಡೆ ಸುಮಾರು 1.6 ಮಿ.ಮೀ. ಅಷ್ಟೇ. ಲೋಡ್ ಹಾಕಿಕೊಂಡು ಏರು ಹತ್ತಿ ನಿಲ್ಲಿಸಿ ಬಾನೆಟ್ ಎತ್ತಿದರೆ ಆ ಪಕ್ಕಕ್ಕೆ ಮುಖ ಒಡ್ಡುವುದಕ್ಕೆ ಆಗುವುದಿಲ್ಲ.

ಕಾದ ಲೋಹದ ಶಾಖ ನಾವು ಅಂದುಕೊಂಡಂತೆ ಮೆಲ್ಲಗೆ ಏರುವುದಿಲ್ಲ. ಅದು ಸೂಸುವ ಶಾಖ ನಿರಪೇಕ್ಷ ತಾಪಮಾನದ ನಾಲ್ಕನೇ ಘಾತದ ಪ್ರಕಾರ ಏರುತ್ತದೆ. 300 ಡಿಗ್ರಿ ಇದ್ದ ಪೈಪು 500ಕ್ಕೆ ಹೋದರೆ ಅದರಿಂದ ಹೊರಡುವ ಶಾಖ ಮೂರು ಪಟ್ಟಿಗೂ ಜಾಸ್ತಿ. ಚಿಕ್ಕಮಗಳೂರು ಪೇಟೆಯೊಳಗೆ ಸುತ್ತುವಾಗ ಇಲ್ಲದ ಕಾಟ ಕೈಮರ ದಾಟಿ ಸೀತಾಳಯ್ಯನಗಿರಿ ಕಡೆ ಹತ್ತುವಾಗ ದಿಢೀರನೆ ಬರುವುದು ಇದಕ್ಕೇ. ಜೊತೆಗೆ ಎತ್ತರ. 1,930 ಮೀಟರಿನ ಮುಳ್ಳಯ್ಯನಗಿರಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಐದರಲ್ಲಿ ಒಂದು ಪಾಲು ಕಡಿಮೆ. ಅಲ್ಲಿ ನೀರೇ 94 ಡಿಗ್ರಿ ಮುಟ್ಟುವ ಮೊದಲು ಕುದಿಯುತ್ತದೆ. ಪೆಟ್ರೋಲಿನ ಹಗುರ ಅಂಶಗಳಂತೂ ಕೆಳಗೇ 40 ಡಿಗ್ರಿ ಆಸುಪಾಸಿನಲ್ಲಿ ಆವಿಯಾಗಲು ಶುರು. ಲೈನಿನಲ್ಲಿ ಆವಿ ತುಂಬಿತೆಂದರೆ ಪಂಪು ಬರೀ ಗಾಳಿ ಮೆಲ್ಲುತ್ತದೆ, ಗಾಡಿ ಮುಗ್ಗರಿಸಿ ನಿಲ್ಲುತ್ತದೆ. ನಮ್ಮ ಕಡೆ "ಏರ್ ಹಿಡೀತು" ಅಂತಾರೆ, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಬೀಡಿ ಹಚ್ಚಿಕೊಂಡು ದೂರ ಹೋಗಿ ಕೂರುತ್ತಾರೆ. (ದೂರ ಅನ್ನುವುದು ಮುಖ್ಯ.)

ಪಾರ್ಸೆಲ್ ಬಿಚ್ಚಿ ತೋರಿಸಿದಾಗ ನಮ್ಮ ಹಳೇ ಮೆಕ್ಯಾನಿಕ್ ಸ್ಲೀವನ್ನು ಬೆರಳಲ್ಲಿ ಹಿಸುಕಿ ನೋಡಿ ಪಕ್ಕಕ್ಕಿಟ್ಟರು. "ಗೌಡ್ರೇ, ಇದೆಲ್ಲ ಆಮೇಲೆ. ಮೊದ್ಲು ಲೈನನ್ನ ಅಲ್ಲಿಂದ ಎಬ್ಸಿ" ಅಂದರು. ನನ್ನ ಮಟ್ಟಿಗೆ ಈ ಕೆಲಸದಲ್ಲಿ ಮುಕ್ಕಾಲು ಪಾಲು ಅದೇ. ಹಿಂದೆ ಯಾರೋ ಟ್ಯಾಂಕಿನಿಂದ ಬರುವ ಪೈಪನ್ನು ಹತ್ತಿರದ ದಾರಿ ಅಂತ ಹೆಡರಿನ ಕೆಳಪೈಪಿಗೆ ತಾಗುವಷ್ಟು ಸಮೀಪ ಎಳೆದಿದ್ದರು. ಅದನ್ನು ತೆಗೆದು ಚಾಸಿಸ್ ರೈಲಿನ ಹೊರಮೈಗೆ ಹಾಕಿಸಿದೆವು. ಈಗ ರೈಲೇ ನಡುವೆ ಗೋಡೆಯಾಗಿ ನಿಂತಿದೆ, ಅದಕ್ಕೆ ಕಾಸೂ ಇಲ್ಲ. ಹೆಡರ್ ದಾಟಲೇಬೇಕಾದ ಜಾಗದಲ್ಲಿ ನಾಲ್ಕು ಬೆರಳು ಅಂತರ, ಅದೂ ಎಂಜಿನ್ ಅಲುಗಾಡುವಾಗ ಉಳಿಯುವ ಅಂತರ. ಕಚ್ಚಾ ರಸ್ತೆಯಲ್ಲಿ ಮೌಂಟಿಂಗ್ ರಬ್ಬರಿನ ಮೇಲೆ ಎಂಜಿನ್ ಎಷ್ಟು ಕುಣಿಯುತ್ತದೆ ಅಂತ ನಿಂತ ಗಾಡಿಯಲ್ಲಿ ಗೊತ್ತಾಗುವುದಿಲ್ಲ. ಹೋಸ್ ಜಾಯಿಂಟ್ ಒಂದೂ ಹೆಡರಿನ ಮೇಲ್ಭಾಗದಲ್ಲಿ ಬರಬಾರದು, ಒಸರಿದ ಹನಿ ಎಲ್ಲಿ ಬೀಳುತ್ತದೆ ಅಂತ ಯೋಚಿಸಿದರೆ ಸಾಕು. ಇಷ್ಟಾದ ಮೇಲೂ ಬಿಸಿಗೆ ಮೈಯೊಡ್ಡಿದ ತುಂಡು ಉಳಿದಿದ್ದರೆ ಅಲ್ಲಿಗೆ ಸ್ಲೀವ್.

ಫೈರ್ ಸ್ಲೀವ್ ಅಂದರೆ ಹೆಣೆದ ಗ್ಲಾಸ್ ಫೈಬರ್ ಕೊಳವೆ, ಮೇಲೆ ಇಟ್ಟಿಗೆ ಬಣ್ಣದ ಸಿಲಿಕೋನ್ ರಬ್ಬರ್. ಸತತವಾಗಿ 260 ಡಿಗ್ರಿ ತಡೆಯುತ್ತದೆ ಅಂತ ಈ ಜಾತಿಯ ಮಾಲಿನ ಅಳತೆ. ಇದನ್ನು ಟ್ಯಾಂಕಿನಿಂದ ಪಂಪಿಗೆ ಬರುವ ಲೈನಿಗೆ ಹಾಕಿದೆ. ಎಲ್ಲರೂ ಪಂಪಿನಿಂದ ಕಾರ್ಬ್ಯುರೇಟರಿಗೆ ಹೋಗುವ ತುಂಡಿಗೆ ಹಾಕುತ್ತಾರೆ, ಯಾಕೆಂದರೆ ಬಾನೆಟ್ ಎತ್ತಿದರೆ ಕಣ್ಣಿಗೆ ಬೀಳುವುದು ಅದು. ಆದರೆ ಪಂಪು ಎಳೆಯುವ ಕಡೆ ಲೈನಿನೊಳಗೆ ಒತ್ತಡ ಕಡಿಮೆ, ಒತ್ತಡ ಕಡಿಮೆಯಾದಲ್ಲಿ ಕುದಿಯುವುದೂ ಬೇಗ. ತಳ್ಳುವ ಕಡೆ ಸ್ವಲ್ಪ ಒತ್ತಡ ಇರುವುದರಿಂದ ಅಷ್ಟು ಬೇಗ ಆವಿಯಾಗುವುದಿಲ್ಲ. ಒಂದೇ ತುಂಡು ಸ್ಲೀವ್ ಇದ್ದರೆ ಅದು ಸಲ್ಲಬೇಕಾದ್ದು ಎಳೆಯುವ ಕಡೆಗೆ.

ಫಲಿತಾಂಶ? ಚಾರ್ಮಾಡಿ ಕೆಳಗಿಂದ ಕೊಟ್ಟಿಗೆಹಾರಕ್ಕೆ ಒಂದೇ ಉಸಿರಿಗೆ ಹತ್ತಿ, ನೀರುದೋಸೆ ಅಂಗಡಿ ಮುಂದೆ ನಿಲ್ಲಿಸಿ ಸ್ಲೀವ್ ಹಿಂದೆ ಸರಿಸಿ ಪೈಪ್ ಹಿಡಿದರೆ ಬೆಚ್ಚಗಿರುತ್ತದೆ, ಕೈ ತೆಗೆಯಬೇಕು ಅನ್ನಿಸುವುದಿಲ್ಲ. ಅದೇ ಸಾಲಿನಲ್ಲಿ ಸ್ಲೀವ್ ಇಲ್ಲದ ಬ್ರ್ಯಾಕೆಟ್ಟನ್ನು ಮುಟ್ಟಲಾಗುವುದಿಲ್ಲ. ಸಿಲಿಕೋನ್ ಮೇಲೆ ಕೆಸರು ಒಣಗಿ ಕೂತಿದ್ದರೂ ಪೈಪ್ ನೀರು ಬಿಟ್ಟರೆ ಜಾರಿ ಹೋಗುತ್ತದೆ. ಆಯಿಲ್ ಹತ್ತಿದರೂ ಒರೆಸಬಹುದು. ಬಣ್ಣ ಮಾಸಿದೆ, ಬಿರುಕಿಲ್ಲ. ಅರ್ಧ ಅಂಕ ಕಡಿದದ್ದು ಕತ್ತರಿಸಿದ ತುದಿಗೆ. ಅಲ್ಲಿ ಗ್ಲಾಸ್ ನೂಲು ಬಿಚ್ಚಿಕೊಳ್ಳುತ್ತದೆ, ಆ ಬರಿ ನೂಲು ದೀಪದ ಬತ್ತಿಯ ಹಾಗೆ ಪೆಟ್ರೋಲ್ ಹೀರುತ್ತದೆ. ಹೆಡರ್ ಪಕ್ಕದಲ್ಲಿ ಪೆಟ್ರೋಲ್ ಕುಡಿದ ನೂಲು ಇಟ್ಟುಕೊಳ್ಳುವುದು ಹುಡುಗಾಟವಲ್ಲ. ಎರಡೂ ತುದಿಗೆ ಹೈ ಟೆಂಪರೇಚರ್ ಸಿಲಿಕೋನ್ ಬಳಿದು ಸ್ಟೀಲ್ ಕ್ಲಿಪ್ ಹಾಕಿ. ಕಂಪನಿಯವರು ಪ್ಯಾಕೆಟ್ಟಿನಲ್ಲಿ ಇದರ ಬಗ್ಗೆ ಒಂದಕ್ಷರ ಬರೆದಿಲ್ಲ.

ಬೆಳ್ಳಿ ಸ್ಲೀವ್ ನೋಡುವುದಕ್ಕೆ ಚೆಂದ, ವೆಲ್ಕ್ರೋ ಇರುವುದರಿಂದ ಪೈಪ್ ಬಿಚ್ಚದೆ ಹಾಕಬಹುದು. ಅಲ್ಯೂಮಿನಿಯಂ ಹಾಳೆ ಶಾಖವನ್ನು ಹಿಂದಕ್ಕೆ ಹೊಡೆಯುತ್ತದೆ, ಆದರೆ ಹೆಡರಿಗೂ ಅದಕ್ಕೂ ನಡುವೆ ಗಾಳಿ ಇದ್ದರೆ ಮಾತ್ರ. ತಾಗಿಸಿ ಕಟ್ಟಿದರೆ ಶಾಖ ಲೋಹದ ಮೂಲಕ ನೇರ ಒಳಗೆ ಇಳಿಯುತ್ತದೆ. ಮತ್ತೆ, ಹೊಳಪು ಇದ್ದರೆ ತಾನೇ ಹಿಂದಕ್ಕೆ ಹೊಡೆಯುವುದು? ಧೂಳು, ಆಯಿಲ್, ಕೆಂಪು ಮಣ್ಣು ಮೆತ್ತಿಕೊಂಡ ಮೇಲೆ ಕೆಲಸ ಅರ್ಧ. ನನ್ನದು ಮುಂದಿನ ಬ್ರೇಕ್ ಲೈನಿನ ಮೇಲಿತ್ತು. ಮಳೆಗಾಲ ಮುಗಿದ ಮೇಲೆ ವೆಲ್ಕ್ರೋ ಬಿಡಿಸಿದಾಗ ಬಾಗಿನ ತಗ್ಗಿನಲ್ಲಿ ಒಂದು ಚಮಚದಷ್ಟು ನೀರು, ಅದರ ಕೆಳಗೆ ಸ್ಟೀಲ್ ಪೈಪಿನ ಮೇಲೆ ಕಂದು ಪುಡಿ. ಉಗುರಲ್ಲಿ ಕೆರೆದರೆ ಸಣ್ಣ ಸಣ್ಣ ಗುಳಿ. ಹೊರಗಿನಿಂದ ನೋಡಿದರೆ ಸ್ಲೀವ್ ಹೊಚ್ಚ ಹೊಸದರಂತಿತ್ತು. ಆ ತುಂಡು ಪೈಪ್ ಬದಲಾಯಿಸಿ, ತಾಮ್ರ-ನಿಕ್ಕಲ್ ಮಿಶ್ರಲೋಹದ್ದು ಹಾಕಿಸಿದೆ. ಬರೀ ತಾಮ್ರದ ಪೈಪ್ ಬ್ರೇಕಿಗೆ ಹಾಕಬೇಡಿ, ಅದು ಅಲುಗಾಟಕ್ಕೆ ಗಡುಸಾಗಿ ಒಡೆಯುತ್ತದೆ. ಸ್ಲೀವಿನ ತಗ್ಗಿನ ಜಾಗದಲ್ಲಿ ಈಗ ವೆಲ್ಕ್ರೋ ಅರ್ಧ ಇಂಚು ತೆರೆದೇ ಬಿಟ್ಟಿದ್ದೇನೆ, ನೀರು ಇಳಿದು ಹೋಗಲಿ ಅಂತ.

ಬ್ರೇಕ್ ಲೈನಿನ ವಿಷಯದಲ್ಲಿ ಜನ ಪೆಟ್ರೋಲಿನಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ, ಕೆಡಿಸಿಕೊಳ್ಳಬೇಕು. ಡಾಟ್ 3 ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯುವುದಿಲ್ಲ. ತೇವ ಹೀರಿಕೊಂಡ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇವೇ ಅಂಕಿ 230 ಮತ್ತು 155. ಆರು ತಿಂಗಳು ಬಟ್ಟೆ ಒಣಗದ ಊರಿನಲ್ಲಿ ಬ್ರೇಕ್ ಆಯಿಲ್ ಒಣಗಿರುತ್ತದೆಯೇ? ಪೆಟ್ರೋಲ್ ಕುದಿದರೆ ಗಾಡಿ ನಿಲ್ಲುತ್ತದೆ. ಬ್ರೇಕ್ ಆಯಿಲ್ ಕುದಿದರೆ ಘಾಟಿ ಇಳಿಯುವಾಗ ಗಾಡಿ ನಿಲ್ಲುವುದಿಲ್ಲ.

ಇನ್ನು ವ್ರ್ಯಾಪ್. ಒದ್ದೆ ಮಾಡಿ ಬಿಗಿಯಾಗಿ ಸುತ್ತಬೇಕು, ಕೈಗವಸು ಹಾಕದಿದ್ದರೆ ರಾತ್ರಿಯೆಲ್ಲ ತುರಿಕೆ. ಕೆಳಪೈಪಿಗೆ ಮಾತ್ರ ಸುತ್ತಿದ್ದೆ. ಬಾನೆಟ್ ಒಳಗಿನ ಬಿಸಿ ನಿಜವಾಗಿಯೂ ಇಳಿಯಿತು, ಅದರಲ್ಲಿ ಅನುಮಾನ ಇಲ್ಲ. ಆದರೆ ಇಲ್ಲಿ ಗಾಡಿ ನಿಂತಾಗೆಲ್ಲ ಅದು ನೀರು ಕುಡಿಯುತ್ತದೆ, ಸ್ಟಾರ್ಟ್ ಮಾಡಿದರೆ ಹಬೆ ಬಿಡುತ್ತದೆ. ಬಿಚ್ಚಿ ನೋಡಿದಾಗ ಪೈಪಿನಿಂದ ತುಕ್ಕು ಹಪ್ಪಳದ ಗಾತ್ರದಲ್ಲಿ ಎದ್ದು ಬಂತು. ಬಯಲುಸೀಮೆಯ ಗಾಡಿಗೆ, ಸ್ಟೇನ್‌ಲೆಸ್ ಹೆಡರಿಗೆ ಸರಿ ಇರಬಹುದು. ಮೈಲ್ಡ್ ಸ್ಟೀಲ್ ಪೈಪಿಗೆ ಮಲೆನಾಡಿನಲ್ಲಿ ಬೇಡವೇ ಬೇಡ. ಈಗ ಅಲ್ಲಿ 1 ಮಿ.ಮೀ. ಅಲ್ಯೂಮಿನಿಯಂ ತಗಡು ಇದೆ, ಬುಷ್ ಕೊಟ್ಟು ಪೈಪಿನಿಂದ ಅಂತರ ಬಿಟ್ಟು ನಿಲ್ಲಿಸಿದ್ದು. ಲೇತ್ ಅಂಗಡಿಯಲ್ಲಿ ಒಂದು ಮಧ್ಯಾಹ್ನದ ಕೆಲಸ, ವ್ರ್ಯಾಪ್‌ಗಿಂತ ಅಗ್ಗ, ನೀರು ನಿಲ್ಲುವುದಿಲ್ಲ, ಇಲಿ ಗೂಡು ಕಟ್ಟುವುದಿಲ್ಲ.

ವಿಡಿಯೊಗಳಲ್ಲಿ ಬೆಳ್ಳಿ ಸ್ಲೀವಿನ ಮೇಲೆ ಲೇಸರ್ ಥರ್ಮಾಮೀಟರ್ ಗನ್ ಹಿಡಿದು "ನೋಡಿ, ಎಷ್ಟು ತಂಪು" ಅಂತ ತೋರಿಸುತ್ತಾರಲ್ಲ, ಅದನ್ನು ನಂಬಬೇಡಿ. ಹೊಳೆಯುವ ಅಲ್ಯೂಮಿನಿಯಂ ತನ್ನ ಶಾಖವನ್ನು ಬಹಳ ಕಡಿಮೆ ಸೂಸುತ್ತದೆ, ಗನ್ನಿಗೆ ಅದರ ನಿಜವಾದ ಬಿಸಿ ಕಾಣುವುದೇ ಇಲ್ಲ. ಅದೇ ಜಾಗಕ್ಕೆ ಮ್ಯಾಟ್ ಕಪ್ಪು ಬಣ್ಣದ ಒಂದು ಚುಕ್ಕೆ ಇಟ್ಟು ನೋಡಿದರೆ ಅಂಕಿ ಜಿಗಿಯುತ್ತದೆ. ಅದಕ್ಕಿಂತ ಮಲ್ಟಿಮೀಟರಿನ ಜೊತೆ ಬರುವ, ಬಿಸಿ ಅಳೆಯುವ ಥರ್ಮೋಕಪಲ್ ತಂತಿಯನ್ನು ಸ್ಲೀವಿನ ಒಳಗೆ, ಪೈಪಿಗೆ ತಾಗಿಸಿ ಕಟ್ಟಿ ಓಡಿಸುವುದು ಒಳ್ಳೆಯದು. ನಮಗೆ ಬೇಕಾದ್ದು ಪೆಟ್ರೋಲಿನ ಬಿಸಿ, ಸ್ಲೀವಿನದಲ್ಲ.

ಸ್ಲೀವಿನಿಂದ ಆಗದ ಕೆಲಸವೂ ಇದೆ. ಎಂಜಿನ್ ಆಫ್ ಮಾಡಿದ ಮೇಲೆ ಫ್ಯಾನ್ ಇಲ್ಲ, ನೀರಿನ ಓಡಾಟ ಇಲ್ಲ, ಬಾನೆಟ್ ಒಳಗಿನ ಬಿಸಿ ಕೆಲ ಹೊತ್ತು ಏರುತ್ತಲೇ ಹೋಗುತ್ತದೆ. ಲೈನಿನಲ್ಲಿ ನಿಂತ ಪೆಟ್ರೋಲು ಸ್ಲೀವಿನ ಒಳಗೂ ನಿಧಾನಕ್ಕೆ ಕಾಯುತ್ತದೆ. ಸ್ಲೀವ್ ತಡಮಾಡುತ್ತದೆ, ತಡೆಯುವುದಿಲ್ಲ. ಪಂಪಂತೂ ಬ್ಲಾಕಿಗೇ ಬೋಲ್ಟ್ ಆಗಿದೆ. ಪಂಪಿನ ಕೆಳಗೆ ಬಿಸಿ ದಾಟಿಸದ ದಪ್ಪ ಬೇಕಲೈಟ್ (ಗಟ್ಟಿ ಪ್ಲಾಸ್ಟಿಕ್) ಪ್ಯಾಕಿಂಗ್, ಪಂಪಿಗೂ ಹೆಡರಿಗೂ ನಡುವೆ ಸಣ್ಣ ತಗಡಿನ ಮರೆ, ಇವೆರಡೂ ಆದ ಮೇಲೆಯೇ ಟೀ ಕುಡಿದು ಬಂದರೆ ಗಾಡಿ ಸ್ಟಾರ್ಟ್ ಆಗದ ತಕರಾರು ನಿಂತದ್ದು. ಅದರ ಶ್ರೇಯ ಸ್ಲೀವ್ ಕಂಪನಿಗೆ ಹೋಗಬಾರದು.

ಒಳಗಿನ ಹೋಸ್ ಬಗ್ಗೆಯೂ ನಿಗಾ ಇರಲಿ. ಈಗ ಬಂಕಿನಲ್ಲಿ ಬರುವುದು ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್, ಹಳೇ ಕಾಲದ ರಬ್ಬರನ್ನು ಅದು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಸ್ಲೀವ್ ಹಾಕಿದ ಮೇಲೆ ಹೋಸ್ ಬಿರಿದರೂ ಕಾಣುವುದಿಲ್ಲ. ಎಥನಾಲ್ ತಡೆಯುವ ವೈಟಾನ್ ರಬ್ಬರಿನ ಒಳಪದರ ಇರುವ ಹೋಸ್ ಹಾಕಿ, ಅದೂ ಜಾಯಿಂಟ್ ಇರುವಲ್ಲಿ ಗಿಡ್ಡ ತುಂಡು ಮಾತ್ರ. ಉಳಿದದ್ದು ಸ್ಟೀಲ್ ಪೈಪ್. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದು ಕೊಯ್ಲು ಶುರುವಾಗುವ ಮುಂಚೆ, ಎಲ್ಲ ಸ್ಲೀವ್ ಸರಿಸಿ ನೋಡುವ ರೂಢಿ ಇಟ್ಟುಕೊಂಡಿದ್ದೇನೆ. ಕಟ್ಟುವುದಕ್ಕೆ ಪ್ಲಾಸ್ಟಿಕ್ ಟೈ ಬೇಡ, ಮೆತ್ತಗಾಗಿ ಸಡಿಲ ಬೀಳುತ್ತವೆ, ಆಮೇಲೆ ಲೈನು ಹೋಗಿ ಹೆಡರ್ ಮೇಲೇ ಒರಗುತ್ತದೆ. ಸ್ಟೇನ್‌ಲೆಸ್ ಟೈ, ರಬ್ಬರ್ ಬದಲು ಸಿಲಿಕೋನ್ ಇರುವ ಪಿ ಕ್ಲಿಪ್ (ಪೈಪನ್ನು ಸುತ್ತಿ ಹಿಡಿಯುವ ಪಿ ಆಕಾರದ ಕ್ಲಿಪ್).

ಸಕಲೇಶಪುರದ ನಮ್ಮ ಭಾವ ಡೀಸೆಲ್ ಜೀಪ್ ಇಟ್ಟುಕೊಂಡು "ನನಗೂ ಒಂದು ಸೆಟ್ ತರ್ಸು" ಅಂದರು. ಡೀಸೆಲ್ ಲೈನಿಗೆ ಬೇಡ ಅಂದೆ, ಅದು ಪೆಟ್ರೋಲಿನಷ್ಟು ಸುಲಭಕ್ಕೆ ಆವಿಯಾಗುವುದಿಲ್ಲ. ಅವರ ಗಾಡಿಯಲ್ಲಿ ಎಕ್ಸಾಸ್ಟ್ ಪಕ್ಕದಲ್ಲಿ ಹಾದುಹೋಗುವ ಬ್ರೇಕ್ ಪೈಪಿಗೂ ವೈರಿಂಗಿಗೂ ಒಂದೊಂದು ಮೀಟರ್ ಕೆಂಪು ಸ್ಲೀವ್ ಸಾಕಾಯಿತು. ಪೈಪಿನ ಹೊರ ವ್ಯಾಸಕ್ಕಿಂತ ಒಂದೆರಡು ಮಿ.ಮೀ. ದೊಡ್ಡ ಸೈಜ್ ತರಿಸಿ, ಇಲ್ಲದಿದ್ದರೆ ಬಾಗುಗಳಲ್ಲಿ ತೂರುವುದಿಲ್ಲ.