ಕಸ ಎತ್ತೋ ಕೋಲು: ಒಂದೂವರೆ ವರ್ಷ ಬೆಟ್ಟ ಹತ್ತಿಸಿದ ಮೇಲೆ ಬರೀತಿರೋ ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, ಇದು ಪಾರ್ಸಲ್ ಬಿಚ್ಚಿದ ದಿನಾನೇ ಐದು ಸ್ಟಾರ್ ಒತ್ತಿ "ಸೂಪರ್ ಪ್ರಾಡಕ್ಟ್" ಅಂತ ಬರೆಯೋ ಥರದ ರಿವ್ಯೂ ಅಲ್ಲ. ಈ ಕೋಲು ತಗೊಂಡು ಒಂದೂವರೆ ವರ್ಷ ಆಯ್ತು, ಸಾವನದುರ್ಗ ಏಳೆಂಟು ಸಲ, ಸ್ಕಂದಗಿರಿ ಎರಡು ಸಲ, ಕೊಡಚಾದ್ರಿ ಒಂದ್ಸಲ, ಕುಮಾರ ಪರ್ವತ ಒಂದ್ಸಲ ನನ್ ಜೊತೆ ಹತ್ತಿ ಇಳಿದಿದೆ, ಒಂದ್ಸಲ ಮುರಿದಿದೆ, ನಾನೇ ರಿಪೇರಿ ಮಾಡಿದೀನಿ. ಕಂಪನಿ ಹೆಸರು ಕೇಳ್ಬೇಡಿ, ಅದೇ ಕೋಲನ್ನ ಹತ್ತು ಹೆಸರಲ್ಲಿ ಮಾರ್ತಾರೆ, ಹ್ಯಾಂಡಲ್ ಬಣ್ಣ ಬಿಟ್ರೆ ಬೇರೇನೂ ವ್ಯತ್ಯಾಸ ಇಲ್ಲ.

ನಾನು ತಿಂಗಳಿಗೆ ಒಂದೆರಡು ಭಾನುವಾರ ಬೆಟ್ಟಕ್ಕೆ ಹೋಗೋನು. ಮುಂಚೆ ಒಂದು ಕೈಗೆ ಗ್ಲೌಸ್ ಹಾಕ್ಕೊಂಡು, ಒಂದು ಹಳೇ ಅಕ್ಕಿ ಚೀಲ ಹಿಡ್ಕೊಂಡು ಬರೋವಾಗ ದಾರೀಲಿ ಸಿಕ್ಕಿದ್ದನ್ನ ಎತ್ಕೊಂಡು ಬರ್ತಿದ್ದೆ. ಕಷ್ಟ ಏನಂದ್ರೆ ಒಂದು ಬಾಟಲಿಗೆ ಒಂದ್ಸಲ ಬಗ್ಗು, ಒಂದು ಕವರ್‌ಗೆ ಒಂದ್ಸಲ ಬಗ್ಗು, ಸಾವನದುರ್ಗದ ಬಂಡೆ ಮೇಲೆ ಇಳಿಜಾರಲ್ಲಿ ನಿಂತ್ಕೊಂಡು ನೂರೈವತ್ತು ಸಲ ಬಗ್ಗಿ ಎದ್ರೆ ಸೋಮವಾರ ಆಫೀಸಲ್ಲಿ ಕುರ್ಚಿಯಿಂದ ಏಳೋಕೆ ಟೇಬಲ್ ಹಿಡ್ಕೋಬೇಕು. ನಂಗೆ ನಲವತ್ತಾಯ್ತು, ಸೊಂಟ ಮೊದಲಿನ ಥರ ಇಲ್ಲ. ಅದಕ್ಕೇ ಇದನ್ನ ಆರ್ಡರ್ ಮಾಡಿದ್ದು, 549 ರೂಪಾಯಿ. ಮಜಾ ಅಂದ್ರೆ ಇದು ಟ್ರೆಕ್ಕಿಂಗ್ ಸಾಮಾನೇ ಅಲ್ಲ, ಬಗ್ಗೋಕಾಗದ ವಯಸ್ಸಾದವರಿಗೆ ಅಂತ ಮಾಡಿರೋದು, ಫೋಟೋದಲ್ಲಿ ಒಬ್ರು ಅಜ್ಜಿ ಸೋಫಾದಲ್ಲಿ ಕೂತ್ಕೊಂಡು ಟಿವಿ ರಿಮೋಟ್ ಎತ್ಕೊಳ್ತಿದಾರೆ.

ಕೋಲು ಹೆಂಗಿದೆ ಅಂದ್ರೆ, 32 ಇಂಚು ಉದ್ದದ ಅಲ್ಯೂಮಿನಿಯಂ ಕೊಳವೆ, ಮಧ್ಯದಲ್ಲಿ ಮಡಚಬಹುದು, ಹಾಗಾಗಿ ಬ್ಯಾಗಿನ ಸೈಡ್ ಜೇಬಲ್ಲಿ ಕೂರುತ್ತೆ. ಮೇಲೆ ಪಿಸ್ತೂಲ್ ಥರ ಟ್ರಿಗರ್, ಕೆಳಗೆ ಎರಡು ಪ್ಲಾಸ್ಟಿಕ್ ದವಡೆ, ದವಡೆ ತುದೀಲಿ ಕಪ್ಪು ರಬ್ಬರ್. ಒಳಗಡೆ ಒಂದು ತೆಳ್ಳಗಿನ ದಾರ ಇದೆ, ಟ್ರಿಗರ್ ಒತ್ತಿದ್ರೆ ದಾರ ಎಳೆದು ದವಡೆ ಮುಚ್ಚುತ್ತೆ, ಬಿಟ್ರೆ ಸ್ಪ್ರಿಂಗ್ ತೆಗೆಯುತ್ತೆ, ಅಷ್ಟೇ ಇದರ ಟೆಕ್ನಾಲಜಿ. ದವಡೆ ಅಡ್ಡಡ್ಡ ತಿರುಗುತ್ತೆ, ಮೊದಲು ಇದ್ಯಾಕಪ್ಪಾ ಅನ್ಕೊಂಡಿದ್ದೆ, ಬಂಡೆ ಬಿರುಕಿಂದ ಎಳೆಯೋವಾಗ ಗೊತ್ತಾಯ್ತು ಯಾಕೆ ಅಂತ. ತುದೀಲಿ ಒಂದು ಸಣ್ಣ ಮ್ಯಾಗ್ನೆಟ್ ಬೇರೆ ಇದೆ. ಬಿಯರ್ ಬಾಟಲಿ ಮುಚ್ಚಳ ಕಬ್ಬಿಣದ್ದಲ್ವಾ, ಹುಲ್ಲೊಳಗೆ ಕೋಲು ಆಡಿಸಿದ್ರೆ ಸಾಕು, ಟಕ್ ಟಕ್ ಅಂತ ತಾನೇ ಬಂದು ಅಂಟ್ಕೊಳ್ಳುತ್ತೆ. ಇದೊಂದು ಫೀಚರ್‌ಗೇ ನೂರು ರೂಪಾಯಿ ಜಾಸ್ತಿ ಕೊಡಬಹುದು ಅನ್ಸುತ್ತೆ ನಂಗೆ.

ಈಗ ಏನೇನು ಎತ್ತುತ್ತೆ, ಏನು ಎತ್ತಲ್ಲ ಅನ್ನೋದು. ನೀರಿನ ಬಾಟಲಿ, ಚಿಪ್ಸ್ ಕವರ್, ಜ್ಯೂಸ್ ಡಬ್ಬಿ ಇದೆಲ್ಲಾ ಹೂವು ಎತ್ತಿದ ಹಾಗೆ ಬರುತ್ತೆ. 90 ಎಂಎಲ್ ಟೆಟ್ರಾ ಪ್ಯಾಕ್ ಗೊತ್ತಲ್ಲ, ನಮ್ ಕರ್ನಾಟಕದ ರಾಷ್ಟ್ರೀಯ ಪೇಯ, ಅದನ್ನ ಕುಡಿದೋರು ಯಾಕೋ ಹಾಗೇ ಬಿಸಾಕಲ್ಲ, ಚಪ್ಪಟೆ ಮಾಡಿ ನೀಟಾಗಿ ಕಲ್ಲಿನ ಸಂದಿಗೆ ತುರುಕ್ತಾರೆ, ಅದೇನೋ ಒಂಥರಾ ಶಿಸ್ತು. ಕೈಗೆ ಸಿಗದೇ ಇರೋ ಜಾಗ, ಮೇಲಾಗಿ ಆ ಸಂದೀಲಿ ಚೇಳೂ ಇರಬಹುದು ಹಾವೂ ಇರಬಹುದು, ಅಲ್ಲಿ ಕೋಲು ನಿಜವಾಗ್ಲೂ ದೇವ್ರು. ಒಂದೇ ಬಿರುಕಿಂದ ಹದಿನಾಲ್ಕು ಪ್ಯಾಕ್ ಎಳೆದಿದೀನಿ, ಒಂದರ ಹಿಂದೆ ಒಂದು, ಜಾದೂಗಾರ ಟೋಪಿಯಿಂದ ಕರ್ಚೀಫ್ ತೆಗೀತಾನಲ್ಲ ಹಂಗೆ. ಸಿಗರೇಟ್ ಫಿಲ್ಟರ್ ಒಂದೊಂದಾಗಿ ಎತ್ತಬಹುದು, ಆದ್ರೆ ತಾಳ್ಮೆ ಬೇಕು. ಅದು ಹತ್ತಿ ಅನ್ಕೊಂಡಿದಾರೆ ತುಂಬಾ ಜನ, ಹತ್ತಿ ಅಲ್ಲ ಮಾರಾಯ್ರೆ ಅದೂ ಒಂಥರಾ ಪ್ಲಾಸ್ಟಿಕ್ಕೇ. ವೆಟ್ ವೈಪ್ಸ್ ಕೂಡ ಹಂಗೇ, ಪೇಪರ್ ಥರ ಕಾಣುತ್ತೆ ಅಂತ ಪೊದೆ ಹಿಂದೆ ಬಿಟ್ಟು ಬರ್ತಾರೆ, ಬಹಳಷ್ಟರಲ್ಲಿ ಪಾಲಿಯೆಸ್ಟರ್ ನಾರು ಇರುತ್ತೆ, ಒಂದು ಮಳೆಗಾಲ ಮಣ್ಣಲ್ಲಿ ಹೂತಿದ್ದು ಹೊರಗೆ ಎಳೆದ್ರೆ ಹರಿಯೋದೂ ಇಲ್ಲ ಬರೋದೂ ಇಲ್ಲ.

ಕೋಲು ಪೂರ್ತಿ ಸೋಲೋದು ಎಲ್ಲಿ ಗೊತ್ತಾ, ಸ್ಯಾಶೆ ಮೂಲೆ. ಪಾನ್ ಮಸಾಲಾ, ಶಾಂಪೂ, ಕಾಫಿ ಪುಡಿ ಯಾವ್ದಾದ್ರೂ ಸರಿ, ಹಲ್ಲಲ್ಲಿ ಹರಿದು ತುಪುಕ್ ಅಂತ ಉಗಿದಿರ್ತಾರಲ್ಲ ಆ ಚೂರು, ಕಿರುಬೆರಳಿನ ಉಗುರಿನಷ್ಟು ಇರುತ್ತೆ. ದವಡೆ ಮುಚ್ಚಿದ್ರೆ ಮಧ್ಯದಲ್ಲಿ ಜಾರಿ ಹೋಗುತ್ತೆ, ಮ್ಯಾಗ್ನೆಟ್‌ಗೆ ಅಂಟಲ್ಲ, ಕೊನೆಗೆ ಮಂಡಿ ಊರಿ ಉಗುರಲ್ಲೇ ಕೆರೆದು ಎತ್ತಬೇಕು. ಅದ್ರಲ್ಲೂ ನಮ್ಮಲ್ಲಿ ಗುಟ್ಕಾ ಬ್ಯಾನ್ ಆಗಿದ್ದು 2013ರಲ್ಲಿ, ಅವಾಗಿಂದ ಮಸಾಲಾ ಒಂದು ಪ್ಯಾಕೆಟ್ಟು, ತಂಬಾಕು ಇನ್ನೊಂದು ಪ್ಯಾಕೆಟ್ಟು, ಎರಡೂ ತಗೊಂಡು ಬಾಯಲ್ಲೇ ಮಿಕ್ಸ್ ಮಾಡ್ಕೊಳ್ತಾರೆ. ತಿನ್ನೋನಿಗೆ ಏನೂ ವ್ಯತ್ಯಾಸ ಆಗಿಲ್ಲ, ಎತ್ತೋನಿಗೆ ಮಾತ್ರ ಒಂದರ ಜಾಗದಲ್ಲಿ ಎರಡು ಕವರ್ ಎರಡು ಮೂಲೆ.

ಮುರಿದ ಕಥೆ ಹೇಳ್ತೀನಿ. ಕುಮಾರ ಪರ್ವತಕ್ಕೆ ಹೋಗೋಕೆ ಹಿಂದಿನ ದಿನಾನೇ ಸುಬ್ರಹ್ಮಣ್ಯ ತಲುಪಿದ್ವಿ, ಸಂಜೆ ಟೈಮ್ ಇತ್ತು ಅಂತ ಕುಮಾರಧಾರಾ ಹೊಳೆ ಹತ್ರ ಕೋಲು ಹಿಡ್ಕೊಂಡು ಇಳಿದೆ. ಸ್ನಾನ ಮಾಡಿ ಹಾಕಿದ್ದ ಬಟ್ಟೆ ನೀರಲ್ಲಿ ಬಿಟ್ರೆ ಪಾಪ ಹೋಗುತ್ತೆ ಅಂತ ಯಾರು ಹೇಳಿಕೊಟ್ರೋ ಗೊತ್ತಿಲ್ಲ, ಕಲ್ಲಿಗೆ ಸುತ್ತಿಕೊಂಡು ಪಂಚೆ, ಸೀರೆ, ಟೀ ಶರ್ಟು, ಪಕ್ಕದಲ್ಲೇ ಶಾಂಪೂ ಕವರ್ರು. 2025ರ ಮಾರ್ಚಲ್ಲಿ ಅರಣ್ಯ ಸಚಿವ ಈಶ್ವರ ಖಂಡ್ರೆ ಅವರು ಪುಣ್ಯಕ್ಷೇತ್ರಗಳ ಹೊಳೆ ದಂಡೆಯಿಂದ 500 ಮೀಟರ್ ಒಳಗೆ ಸೋಪು ಶಾಂಪೂ ಮಾರೋ ಹಾಗಿಲ್ಲ, ಬಟ್ಟೆ ಬಿಡೋದನ್ನೂ ತಡೀಬೇಕು ಅಂತ ಅಧಿಕಾರಿಗಳಿಗೆ ಸೂಚನೆ ಕೊಟ್ಟಿದ್ರು ನೆನಪಿರಬಹುದು. ಸರಿ, ನಾನು ಒಂದು ಸೀರೆ ಸೆರಗು ಕಚ್ಚಿಸಿ ಎಳೆದೆ. ಒದ್ದೆ ಸೀರೆ ಎಷ್ಟು ಭಾರ ಅಂತ ಬಾವಿಯಿಂದ ನೀರು ಸೇದಿದೋರಿಗೆ ಕೇಳಿ, ಮೇಲಾಗಿ ಅದು ಮರಳಲ್ಲಿ ಹೂತಿತ್ತು, ಒಂದ್ ಜಗ್ಗು ಜಗ್ಗಿದೆ, ಕೊಳವೆ ಒಳಗೆ ಟಣ್ ಅಂತ ಸೌಂಡ್ ಬಂತು, ದವಡೆ ಬಾಯಿ ತೆಗೆದಿದ್ದು ಹಂಗೇ ನಿಂತ್ಬಿಡ್ತು. ಟ್ರಿಗರ್ ಒತ್ತಿದ್ರೆ ಲೊಡ ಲೊಡ. ತಪ್ಪು ನಂದೇ ಅಂತ ಒಪ್ಕೋತೀನಿ, ಡಬ್ಬಿ ಮೇಲೇನೇ ಎರಡು ಕೆಜಿ ಲಿಮಿಟ್ ಅಂತ ಬರೆದಿದೆ. ಆದ್ರೆ ದಾರ ಮಾತ್ರ ಬೇರೆ ಕೊಡ್ತೀರಾ ಅಂತ ಮಾರಿದೋರಿಗೆ ಮೂರು ಮೇಲ್ ಹಾಕಿದೆ, ಮೂರಕ್ಕೂ ಅದೇ ಉತ್ತರ, ಹೊಸದು ತಗೊಳ್ಳಿ ಶೇಕಡಾ ಹತ್ತು ಡಿಸ್ಕೌಂಟ್ ಕೊಡ್ತೀವಿ ಅಂತ. ಕಸ ಎತ್ತೋ ಕೋಲನ್ನೇ ಕಸ ಮಾಡು ಅಂತ ಹೇಳೋ ಕಂಪನಿ.

ಮಾರನೇ ದಿನ ಬೆಟ್ಟಕ್ಕೆ ಮುರಿದ ಕೋಲನ್ನ ಊರುಗೋಲು ಮಾಡ್ಕೊಂಡು ಗ್ಲೌಸ್‌ನಲ್ಲೇ ಹೋದೆ. ಒಂದು ವಿಷಯ ಮಾತ್ರ ಹೇಳಲೇಬೇಕು, ನಾನು ಅನ್ಕೊಂಡಷ್ಟು ಕಸ ಇರಲೇ ಇಲ್ಲ. 2024ರ ಜನವರಿ ಕೊನೇಲಿ ಕುಮಾರ ಪರ್ವತದಲ್ಲಿ ಜಾತ್ರೆ ಥರ ಕ್ಯೂ ನಿಂತಿದ್ದ ವಿಡಿಯೋ ನೀವೆಲ್ಲಾ ನೋಡಿರ್ತೀರಿ, ಅದಾದ್ಮೇಲೆ ಇಲಾಖೆಯೋರು ನಿಲ್ಲಿಸಿ, ಆಮೇಲೆ ಆನ್‌ಲೈನ್ ಬುಕಿಂಗ್ ಮಾಡಿ ದಿನಕ್ಕೆ 300 ಜನ ಅಂತ ಮಿತಿ ಹಾಕಿದ್ರು. ನಾವು ಹೋದ ದಿನ ಚೆಕ್‌ಪೋಸ್ಟಲ್ಲಿ ಬ್ಯಾಗ್ ಪೂರ್ತಿ ಬಿಚ್ಚಿಸಿ ನೋಡಿದ್ರು, ನನ್ ಫ್ರೆಂಡ್ ಒಬ್ಬ ತಂದಿದ್ದ ಖಾರಾ ಮಿಕ್ಸ್ಚರ್‌ನ ಕವರ್ ಹರಿದು ನ್ಯೂಸ್ ಪೇಪರಿಗೆ ಸುರಿಸಿದ್ರು, ಅವನು ಬೆಟ್ಟ ಹತ್ತೋವರೆಗೂ ಗೊಣಗಿದ್ದೇ ಗೊಣಗಿದ್ದು. ಗಿರಿಗದ್ದೆ ಭಟ್ರ ಮನೆ ದಾಟಿ ಕಲ್ಲು ಮಂಟಪದವರೆಗೆ ಹೋಗಿ ಬಂದ್ರೂ ನನ್ ಚೀಲದ ತಳ ಮುಚ್ಚಿರಲಿಲ್ಲ. ಅಲ್ಲಿ ಸಿಕ್ಕಿದ್ದೆಲ್ಲಾ ಹಳೇದು, ಬಣ್ಣ ಹೋಗಿ ಬೆಳ್ಳಗಾಗಿರೋ ಕವರ್ರು, ಮುಟ್ಟಿದ್ರೆ ಪುಡಿ ಪುಡಿ. ಇಂಬಳ ಮಾತ್ರ ಹೊಸದು, ಪ್ರತಿ ಸಲ ಕಸ ಎತ್ತೋಕೆ ಬಗ್ಗಿದಾಗ ಕೈಗೊಂದು. ಮಲೆನಾಡಲ್ಲಿ ಈ ಕೋಲು ಬೇಕಾಗಿರೋದು ಸೊಂಟಕ್ಕಲ್ಲ, ಇಂಬಳಕ್ಕೆ.

ಇನ್ನು ಡಬ್ಬಿ ಮೇಲೆ ಬರೆದಿರದ ಒಂದು ಫೀಚರ್ ಇದೆ. ಕೋಲು ಕೈಗೆ ಬಂದ ತಕ್ಷಣ ನೀವು ಟ್ರೆಕ್ಕರ್ ಅಲ್ಲ. ಗ್ಲೌಸ್ ಹಾಕ್ಕೊಂಡು ಎತ್ತುತ್ತಿದ್ದಾಗ ಯಾರೂ ಕೇರ್ ಮಾಡ್ತಿರಲಿಲ್ಲ, ಕೋಲು ಚೀಲ ಎರಡೂ ನೋಡಿದ್ರೆ ಜನಕ್ಕೆ ಪಂಚಾಯ್ತಿಯಿಂದ ಕಳಿಸಿದಾರೆ ಅನ್ಸುತ್ತೆ. ಸಾವನದುರ್ಗದ ತುದೀಲಿ ನಂದಿ ಮಂಟಪದ ಹತ್ರ ಕಾಲೇಜು ಹುಡುಗ್ರು ಆರೇಳು ಜನ ಕೂತಿದ್ರು, ನಾನು ಸುತ್ತ ಎತ್ತುತ್ತಾ ಬಂದೆ, ಒಬ್ಬ ಕೂತಲ್ಲಿಂದ್ಲೇ ಕಾಲಲ್ಲಿ ತೋರಿಸ್ದ, "ಅಣ್ಣಾ ಇಲ್ಲೊಂದಿದೆ ನೋಡಿ". ಎತ್ತಿದೆ. ಇನ್ನೊಬ್ಬ ನೂಡಲ್ಸ್ ಕಪ್ ಖಾಲಿ ಮಾಡಿ ಅದರಲ್ಲಿ ಉಳಿದಿದ್ದ ಕೆಂಪು ನೀರಿನ ಸಮೇತ ನನ್ ಚೀಲಕ್ಕೇ ಹಾಕ್ದ, ಹಾಕಿ "ಥ್ಯಾಂಕ್ಸ್ ಅಣ್ಣಾ, ಒಳ್ಳೇ ಕೆಲಸ" ಅಂದ. ಆ ನೀರು ಚೀಲದ ತಳದಿಂದ ನನ್ ಪ್ಯಾಂಟಿಗೆ ಇಳೀತು. ಬೈಯೋಣ ಅನ್ಕೊಂಡೆ, ಆದ್ರೆ ತೊಡೆ ಮೇಲೆ ಮಸಾಲೆ ವಾಸನೆ ಇಟ್ಕೊಂಡು ಬೆಟ್ಟ ಇಳೀತಾ ಯೋಚನೆ ಬಂದಿದ್ದು ಬೇರೆ, ನಮ್ ಬೀದೀಲಿ ಬೆಳಿಗ್ಗೆ ಆರಕ್ಕೆ ಬರೋ ಪೌರಕಾರ್ಮಿಕ ಹೆಂಗಸ್ರಿಗೆ ಇದು ದಿನಾ, ಅವರಿಗೆ ಥ್ಯಾಂಕ್ಸೂ ಇಲ್ಲ. ನಂಗೆ ಭಾನುವಾರ ಮಾತ್ರ, ಅದೂ ಮನೆಗೆ ಹೋಗಿ ಬಿಸಿನೀರು ಸ್ನಾನ ಮಾಡ್ತೀನಿ.

ಕೋಲಿನ ಜೊತೆ ಫ್ರೀ ಅಂತ ಒಂದು ರೋಲ್ ಕಪ್ಪು ಕಸದ ಕವರ್ ಕೊಟ್ಟಿದ್ರು, ಅದನ್ನ ಬೆಟ್ಟಕ್ಕೆ ತಗೊಂಡು ಹೋಗಬೇಡಿ, ಮೊದಲನೇ ಜಾಲಿ ಮುಳ್ಳಿಗೇ ಹರಿದು ಎತ್ತಿದ್ದೆಲ್ಲಾ ವಾಪಸ್ ಚೆಲ್ಲಿ ಹೋಗುತ್ತೆ. 25 ಕೆಜಿ ಅಕ್ಕಿ ಚೀಲಾನೇ ಬೆಸ್ಟು, ಬಾಯಿಗೆ ಹಗ್ಗ ಕಟ್ಟಿ ಹೆಗಲಿಗೆ ಹಾಕ್ಕೊಂಡ್ರೆ ಆಯ್ತು.

ಆದ್ರೆ ಅಸಲಿ ತಲೆನೋವು ಶುರುವಾಗೋದು ಕೆಳಗೆ ಇಳಿದ ಮೇಲೆ. ಚೀಲ ತುಂಬಿದೆ, ಈಗ ಎಲ್ಲಿಗೆ ಹಾಕ್ತೀರಾ? ಒಂದು ಬೆಟ್ಟದ ಬುಡದಲ್ಲಿ ದೊಡ್ಡ ಡಸ್ಟ್‌ಬಿನ್ ಇತ್ತು, ಖುಷಿಯಾಗಿ ಸುರಿದು ಬಂದೆ, ಮುಂದಿನ ಸಲ ಹೋದಾಗ ಅದರ ಹಿಂದಿನ ಹಳ್ಳದಲ್ಲಿ ಅರ್ಧ ಸುಟ್ಟ ಗುಡ್ಡೆ ನೋಡಿದೆ, ನಾನೇ ಎತ್ತಿದ್ದ ಒಂದು ಹಸಿರು ಫ್ಲಾಸ್ಕ್ ಮುಚ್ಚಳ ಅದ್ರಲ್ಲಿ ಇತ್ತು, ಗುರುತು ಸಿಕ್ತು. ಅವತ್ತಿಂದ ಬೆಂಗಳೂರಿಗೇ ಹೊತ್ಕೊಂಡು ಬರ್ತೀನಿ. ಬಸ್ಸಲ್ಲಿ ಕಂಡಕ್ಟರ್ "ಏನ್ ಸಾರ್ ಇದು ಗುಜ್ರಿ ಬಿಸಿನೆಸ್ಸಾ" ಅಂತಾರೆ, ಲಗೇಜ್ ಟಿಕೆಟ್ ಮಾತ್ರ ಕೊಟ್ಟಿಲ್ಲ ಪುಣ್ಯಕ್ಕೆ. ಮನೆ ಟೆರೇಸಲ್ಲಿ ಬೇರೆ ಬೇರೆ ಮಾಡಿ ವಾರ್ಡಿನ ಒಣಕಸ ಕೇಂದ್ರಕ್ಕೆ ಕೊಡ್ತೀನಿ. ಅಲ್ಲಿ ನೀರಿನ ಬಾಟಲಿ ಕಂಡ್ರೆ ಮುಖ ಅರಳುತ್ತೆ, ಕೆಜಿ ಲೆಕ್ಕದಲ್ಲಿ ದುಡ್ಡು. ಚಿಪ್ಸ್ ಕವರ್ ಕಂಡ್ರೆ ಮುಖ ಸಣ್ಣದಾಗುತ್ತೆ, ಯಾಕಂದ್ರೆ ಅದು ಪ್ಲಾಸ್ಟಿಕ್ ಮೇಲೆ ಅಲ್ಯೂಮಿನಿಯಂ ಅದರ ಮೇಲೆ ಮತ್ತೆ ಪ್ಲಾಸ್ಟಿಕ್, ಬಿಡಿಸೋಕಾಗಲ್ಲ, ಗುಜರಿಯೋನು ಬಿಟ್ಟಿ ಕೊಟ್ರೂ ಬೇಡ ಅಂತಾನೆ, ಅಂಥದ್ದನ್ನ ಒಟ್ಟು ಮಾಡಿ ಸಿಮೆಂಟ್ ಫ್ಯಾಕ್ಟರಿ ಗೂಡಿಗೆ ಉರಿಸೋಕೆ ಕಳಿಸ್ತಾರೆ. ಮತ್ತೆ 2022ರ ಜುಲೈ 1ಕ್ಕೆ ದೇಶಕ್ಕೆಲ್ಲಾ ಬ್ಯಾನ್ ಆಯ್ತಲ್ಲ ಒಂದ್ಸಲ ಬಳಸೋ ಪ್ಲಾಸ್ಟಿಕ್ಕು, ಆ ಲಿಸ್ಟಲ್ಲಿ ಸ್ಟ್ರಾ, ಚಮಚ, ತಟ್ಟೆ, ಐಸ್‌ಕ್ರೀಂ ಕಡ್ಡಿ ಇದೆ, ಚಿಪ್ಸ್ ಕವರೂ ಇಲ್ಲ ನೀರಿನ ಬಾಟಲಿನೂ ಇಲ್ಲ. ನನ್ ಚೀಲದಲ್ಲಿ ಮುಕ್ಕಾಲು ಭಾಗ ಆ ಲಿಸ್ಟಲ್ಲಿ ಇಲ್ಲದ್ದೇ.

ಗಾಜಿನ ಬಾಟಲಿ ಇನ್ನೊಂದು ಗೋಳು. ಕೋಲು ಎತ್ತುತ್ತೆ, ಭಾರ ನನ್ ಹೆಗಲಿಗೆ. ಪಕ್ಕದ ನೀಲಗಿರಿಯಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿದ್ಮೇಲೆ 2022ರಿಂದ ಸರ್ಕಾರಿ ಮದ್ಯದಂಗಡೀಲಿ ಬಾಟಲಿಗೆ 10 ರೂಪಾಯಿ ಜಾಸ್ತಿ ಇಸ್ಕೊಂಡು ಖಾಲಿ ಬಾಟಲಿ ತಂದ್ರೆ ವಾಪಸ್ ಕೊಡ್ತಾರೆ, ಹತ್ತು ರೂಪಾಯಿ ಅಂದ್ರೆ ಕುಡಿದೋನು ಬಿಸಾಕಿದ್ರೂ ಇನ್ನೊಬ್ಬ ಎತ್ಕೊಂಡು ಹೋಗ್ತಾನೆ. ನಮ್ ಕಡೆ ಬೆಟ್ಟದ ಬುಡದ ಬಾರಲ್ಲಿ ಅಂಥದ್ದೊಂದು ಇದ್ದಿದ್ರೆ ನಾನು ಈ ಹೊತ್ತಿಗೆ ಸಾಹುಕಾರ.

ಇಷ್ಟೆಲ್ಲಾ ಆದ್ಮೇಲೆ ಸ್ಟಾರ್ ಎಷ್ಟು ಅಂದ್ರೆ ನಾಲ್ಕು. ಒಂದು ಕಟ್ ಮಾಡಿದ್ದು ದಾರಕ್ಕೆ, ಆ ದಾರ ಹದಿನೈದು ರೂಪಾಯಿ ಮಾಲು, ಅದನ್ನ ಬಿಡಿಯಾಗಿ ಮಾರದೇ ಇರೋದಕ್ಕೆ. ರಿಪೇರಿ ಹೆಂಗೆ ಅಂದ್ರೆ ಹ್ಯಾಂಡಲ್ ಪಕ್ಕ ನಾಲ್ಕು ಸ್ಕ್ರೂ ಇದೆ, ಬಿಚ್ಚಿ, ಹಳೇ ದಾರದ ತುದಿಗೆ ಮೀನು ಗಾಳದ ದಪ್ಪ ನೈಲಾನ್ ದಾರ ಕಟ್ಟಿ ಕೊಳವೆ ಒಳಗಿಂದ ಎಳ್ಕೊಳ್ಳಿ, ದವಡೆ ಕಡೆ ಎರಡು ಗಂಟು ಹಾಕಿ, ಗಂಟಿಗೆ ಲೈಟರಲ್ಲಿ ಸ್ವಲ್ಪ ಶಾಖ ಕೊಡಿ, ಬಿಚ್ಕೊಳ್ಳಲ್ಲ. ಸ್ಪ್ರಿಂಗ್ ಹಾರುತ್ತೆ ಹುಷಾರು, ನಂದು ಫ್ರಿಡ್ಜ್ ಕೆಳಗೆ ಹೋಗಿತ್ತು, ಅದನ್ನ ಎತ್ತೋಕೆ ಕೋಲು ಬೇಕಿತ್ತು ಕೋಲು ಬಿಚ್ಚಿಟ್ಟಿದ್ದೆ. ಆರು ತಿಂಗಳಾಯ್ತು, ಇನ್ನೂ ಗಟ್ಟಿಯಾಗಿದೆ. ತಗೊಳ್ಳೋರು 32 ಇಂಚಿಂದೇ ತಗೊಳ್ಳಿ, 19 ಇಂಚಿಂದು ಅಗ್ಗ ಸಿಗುತ್ತೆ ಅಂತ ತಗೊಂಡ್ರೆ ಬಗ್ಗೋದು ಬಗ್ಗೋದೇ.