ಬೆಳಕಿನ ಆಕರಗಳ ಚಿತ್ರಕಾರ್ಡುಗಳು: ಚಂದ್ರನ ಕಾರ್ಡು ಯಾವ ಪೆಟ್ಟಿಗೆಗೆ?

ನಮ್ಮ ಶಾಲೆಯ ನಲಿ-ಕಲಿ ಮಕ್ಕಳಿಗೆ ಬೆಳಕಿನ ಆಕರಗಳನ್ನು ಪರಿಚಯಿಸಲು ಕಳೆದ ತಿಂಗಳು 32 ಚಿತ್ರಕಾರ್ಡುಗಳ ಪೊಟ್ಟಣವೊಂದನ್ನು ತರಿಸಿದೆ. ಸೂರ್ಯ, ನಕ್ಷತ್ರ, ಮಿಂಚು, ಮಿಂಚುಹುಳುಗಳಂಥ ನೈಸರ್ಗಿಕ ಆಕರಗಳನ್ನು ಹಸಿರು ರಟ್ಟಿನ ಪೆಟ್ಟಿಗೆಗೂ, ಹಣತೆ, ಲಾಟೀನು, ಮೇಣದಬತ್ತಿ, ಟ್ಯೂಬ್‌ಲೈಟುಗಳಂಥ ಕೃತಕ ಆಕರಗಳನ್ನು ಹಳದಿ ಪೆಟ್ಟಿಗೆಗೂ ಮಕ್ಕಳು ವಿಂಗಡಿಸಿ ಹಾಕಬೇಕು. ಚಿತ್ರಗಳು ಸ್ಪಷ್ಟವಾಗಿವೆ, ಕನ್ನಡದ ಅಕ್ಷರಗಳು ದಪ್ಪವಾಗಿವೆ. ಕಾರ್ಡುಗಳ ಅಂಚು ಮಾತ್ರ ಎರಡೇ ವಾರದಲ್ಲಿ ಬಿಚ್ಚಿಕೊಂಡಿತು.

ನನ್ನ ಮುಖ್ಯ ಆಕ್ಷೇಪವಿರುವುದು ಚಂದ್ರನ ಬಗ್ಗೆ. ಜೊತೆಗೆ ಬಂದ ಉತ್ತರಪಟ್ಟಿ ಅವನನ್ನೂ ಹಸಿರು ಪೆಟ್ಟಿಗೆಗೇ ಸೇರಿಸುತ್ತದೆ. ಚಂದ್ರನಿಗೆ ಸ್ವಂತ ಬೆಳಕಿಲ್ಲ. ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಸುಮಾರು ಶೇ. 12ರಷ್ಟನ್ನು ಮಾತ್ರ ಅವನು ಹಿಂದಿರುಗಿಸುತ್ತಾನೆ. ಆರು ವರ್ಷದ ಮಕ್ಕಳಿಗೆ ಇಷ್ಟು ಸೂಕ್ಷ್ಮ ಬೇಕೇ ಎಂದು ಕೇಳುವವರಿದ್ದಾರೆ. ಆದರೆ ಮೊದಲು ತಲೆಗೆ ಹೊಕ್ಕ ತಪ್ಪನ್ನು ಮೇಲಿನ ತರಗತಿಗಳಲ್ಲಿ ತೆಗೆಯುವುದು ಎಷ್ಟು ಕಷ್ಟವೆಂಬುದನ್ನು ನಾನು ಕಂಡಿದ್ದೇನೆ. ಆದ್ದರಿಂದ ಬಾಗಿಲು, ಕಿಟಕಿ ಮುಚ್ಚಿ, ಬಿಸಿಯೂಟದ ಸ್ಟೀಲ್ ತಟ್ಟೆಯೊಂದನ್ನು ಹುಡುಗಿಯೊಬ್ಬಳ ಕೈಗೆ ಕೊಟ್ಟು ಅದರ ಮೇಲೆ ಟಾರ್ಚ್ ಬಿಟ್ಟೆ. ಬೆಳಕಿನ ಬಿಲ್ಲೆಯೊಂದು ಸೂರಿನ ಮೇಲೆ ಹರಿದಾಡಿತು. ಟಾರ್ಚ್ ಆರಿಸಿದೊಡನೆ ತಟ್ಟೆ ಎಲ್ಲಿದೆಯೆಂದೇ ತಿಳಿಯಲಿಲ್ಲ. “ತಟ್ಟೇದು ಏನೂ ಇಲ್ಲ ಮಿಸ್, ಎಲ್ಲಾ ಟಾರ್ಚ್‌ದೇ” ಎಂದಳು ಅವಳು. ಆಮೇಲೆ ಮಕ್ಕಳೇ ಚಂದ್ರನ ಕಾರ್ಡನ್ನು ಎರಡು ಪೆಟ್ಟಿಗೆಗಳ ನಡುವೆ ನೆಲದ ಮೇಲಿಟ್ಟರು.

ಬೆಂಕಿಯ ಕಾರ್ಡು ಒಂದೇ ಇರುವುದೂ ಕೊರತೆಯೇ. ಸಿಡಿಲು ಬಡಿದು ಹೊತ್ತಿದ ಕಾಡಿನ ಬೆಂಕಿ ನೈಸರ್ಗಿಕ, ಅಜ್ಜಿ ಬೆಂಕಿಕಡ್ಡಿ ಗೀರಿ ಹಚ್ಚಿದ ದೀಪ ಕೃತಕ, ‘ಮನುಷ್ಯ ಹಚ್ಚಿದ್ದೇ?’ ಎಂಬ ಪ್ರಶ್ನೆಯೊಂದನ್ನು ಕಾರ್ಡಿನ ಹಿಂಬದಿಯಲ್ಲಿ ಅಚ್ಚು ಹಾಕಿದ್ದರೆ ಮಕ್ಕಳು ತಾವೇ ವಿಂಗಡಿಸುತ್ತಿದ್ದರು.

ಇಷ್ಟಾದರೂ ಈ ಪೊಟ್ಟಣ ತರಗತಿಯಲ್ಲಿ ಒಳ್ಳೆಯ ಮಾತುಕತೆಯನ್ನು ಹುಟ್ಟಿಸಿತು. ನಮ್ಮದು ಮಳವಳ್ಳಿ ತಾಲ್ಲೂಕು, ಶಿವನಸಮುದ್ರ ಇಲ್ಲಿಯದೇ. ಅಲ್ಲಿ ತಯಾರಾದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ, 1905ರಲ್ಲಿ ಬೆಂಗಳೂರಿನ ಬೀದಿದೀಪಗಳಿಗೂ ಹೋಯಿತೆಂದು ಹೇಳಿದಾಗ ಹುಡುಗನೊಬ್ಬ, “ಕರೆಂಟು ಹೊಳೆ ನೀರಿಂದ ಬರೋದಾದ್ರೆ ಬಲ್ಬೂ ಹಸಿರು ಪೆಟ್ಟಿಗೆಗೇ ಅಲ್ವಾ ಮಿಸ್?” ಎಂದು ಕೇಳಿದ. ನೀರು ತಾನಾಗಿಯೇ ಬೆಳಗುತ್ತದೆಯೇ ಎಂದು ನಾನು ಮರುಪ್ರಶ್ನೆ ಹಾಕಿದೆ. ಆ ಚರ್ಚೆ ಊಟದ ಗಂಟೆಯವರೆಗೂ ನಡೆಯಿತು.

ಸೂರ್ಯನನ್ನು ಬರಿಗಣ್ಣಿನಿಂದ ನೇರವಾಗಿ ನೋಡಬಾರದೆಂಬ ಎಚ್ಚರಿಕೆ ಎಲ್ಲಿಯೂ ಇಲ್ಲ. ಕೊಳ್ಳುವವರು ಅದನ್ನು ಮೊದಲ ದಿನವೇ ಮಕ್ಕಳಿಗೆ ಹೇಳಬೇಕು. 349 ರೂಪಾಯಿಗೆ ಕೊಳ್ಳಬಹುದಾದ ಸಾಮಗ್ರಿ ಇದು. ಆದರೆ ಉತ್ತರಪಟ್ಟಿಯನ್ನು ಮಕ್ಕಳ ಕೈಗೆ ಕೊಡಬೇಡಿ. ಚಂದ್ರನಿಗೂ ಕನ್ನಡಿಗೂ ಸೇರಿ ಮೂರನೆಯ ಪೆಟ್ಟಿಗೆಯೊಂದನ್ನು ಕೊಡಿ ಎಂದು ಪ್ರಕಾಶಕರಿಗೆ ಪತ್ರ ಬರೆದಿದ್ದೇನೆ.