ಡ್ರೂಲ್ಸ್: ಅಡಿಕೆ ವಿಂಗಡಣೆಯ ನಿಯಮಗಳನ್ನು ಕನ್ನಡ ವಾಕ್ಯಗಳಲ್ಲೇ ಬರೆದು ಓಡಿಸಿದ ಅನುಭವ

ಡ್ರೂಲ್ಸ್ ಅನ್ನೋದು ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಓಡುವ ರೂಲ್ ಎಂಜಿನ್, ಅಂದರೆ "ಹೀಗಿದ್ದರೆ ಹೀಗೆ ಮಾಡು" ಎಂಬ ನಿಯಮಗಳನ್ನು ನಡೆಸುವ ತಂತ್ರಾಂಶ. ದುಡ್ಡು ಕೊಡಬೇಕಾಗಿಲ್ಲ, ಅಪಾಚೆ ಲೈಸೆನ್ಸ್ 2.0 ಎಂಬ ಮುಕ್ತ ಪರವಾನಗಿಯಲ್ಲಿ ಸಿಗುತ್ತದೆ. ಬದಿಯಡ್ಕ ಹತ್ತಿರದ ಒಂದು ಅಡಿಕೆ ಖರೀದಿ ಕೇಂದ್ರಕ್ಕೆ ಇದನ್ನು ಹಾಕಿದ್ದೇವೆ. ನನ್ನ ಅಭಿಪ್ರಾಯ ಮೊದಲೇ ಹೇಳುತ್ತೇನೆ: ನಿಯಮ ಓದುವವರಿಗೆ ಇದು ತುಂಬ ಒಳ್ಳೆಯದು, ಬರೆಯುವವರಿಗೆ ಅಷ್ಟು ಸಲೀಸಲ್ಲ.

ನಿಯಮಗಳನ್ನು ಕನ್ನಡ ವಾಕ್ಯಗಳಲ್ಲೇ ಬರೆಯಬಹುದು, ಆದರೆ ಮನಸ್ಸಿಗೆ ಬಂದ ಹಾಗೆ ಬರೆದರೆ ಎಂಜಿನ್ನಿಗೆ ಅರ್ಥ ಆಗುವುದಿಲ್ಲ. ಡಿಎಸ್‌ಎಲ್ ಅನ್ನುವ ಫೈಲಿನಲ್ಲಿ ಎಡಗಡೆ ನಮ್ಮ ವಾಕ್ಯ, ಬಲಗಡೆ ಅದರ ಕೋಡ್ ಬರೆದಿಡಬೇಕು, ಆಮೇಲೆ ನಿಯಮದಲ್ಲಿ ಆ ವಾಕ್ಯಗಳನ್ನಷ್ಟೇ ಬಳಸಬೇಕು. ರೂಲ್, ವೆನ್, ದೆನ್ ಎಂಬ ಪದಗಳಿಗೂ ಕನ್ನಡ ಕೊಡಬಹುದು. ನಮ್ಮ ಒಂದು ನಿಯಮ ಹೀಗಿದೆ (ಚಾಲಿ ಅಂದರೆ ಹಣ್ಣಡಿಕೆ ಒಣಗಿಸಿ ಸುಲಿದದ್ದು, ಕರಿಗೋಟು ಅಂದರೆ ಅದರಲ್ಲಿ ಕಪ್ಪಾದ ಕೆಳದರ್ಜೆಯ ಅಡಿಕೆ):

ನಿಯಮ "ಕರಿಗೋಟು ಜಾಸ್ತಿ"
ಹೀಗಿದ್ದರೆ
ಒಂದು ಚೀಲ ಚಾಲಿ ಅಡಿಕೆ ಬಂದಿದೆ
- ಕರಿಗೋಟು ನೂರಕ್ಕೆ 5ಕ್ಕಿಂತ ಮೇಲೆ
ಮಾಡಬೇಕಾದ್ದು
ಚೀಲವನ್ನು ಮತ್ತೆ ವಿಂಗಡಣೆಗೆ ಕಳುಹಿಸು
ಮುಗಿಯಿತು

ಆ ಅಡ್ಡಗೆರೆ ಸುಮ್ನೆ ಇಟ್ಟದ್ದಲ್ಲ. ಅದರಿಂದ ಶುರುವಾಗುವ ಸಾಲು ಮೇಲಿನ ಸಾಲಿಗೇ ಇನ್ನೊಂದು ಷರತ್ತಾಗಿ ಸೇರುತ್ತದೆ.

ಇದನ್ನು ಪ್ರಿಂಟ್ ತೆಗೆದು ವಿಂಗಡಣೆ ಮಾಡುವ ಅಣ್ಣನಿಗೆ ಕೊಟ್ಟೆವು. ಕಂಪ್ಯೂಟರ್ ಮುಟ್ಟಿದವರೇ ಅಲ್ಲ. ಎರಡು ಹಾಳೆ ಓದಿ, "ಇದ್ರಲ್ಲಿ ಪಟೋರ ಎಲ್ಲುಂಟು? ಹಳೆ ಚಾಲಿಗೂ ಹೊಸತಕ್ಕೂ ಒಂದೇ ಲೆಕ್ಕವಾ?" ಅಂತ ಕೇಳಿದರು. ಪಟೋರ ಅಂದರೆ ಚಾಲಿಯಲ್ಲೇ ಇನ್ನೊಂದು ದರ್ಜೆ. ಅದೇ ನಿಯಮ ಜಾವಾದಲ್ಲಿದ್ದರೆ ಈ ಪ್ರಶ್ನೆ ಬರುತ್ತಲೇ ಇರಲಿಲ್ಲ, ಅಲ್ವಾ? ನನಗೆ ಇಷ್ಟೊಂದು ಖುಷಿ ಕೊಟ್ಟದ್ದು ಇದೊಂದೇ, ಉಳಿದ ಕಷ್ಟವೆಲ್ಲ ಇದಕ್ಕಾಗಿ ಪಡಬಹುದು.

ಕನ್ನಡದಲ್ಲಿ ಬರೆಯುವವರು ಗಮನಿಸಬೇಕಾದ ಒಂದು ವಿಷಯ ಇದೆ. ಕರಿಗೋಟು ಪದದ "ಗೋ" ನೋಡಿ. ಅದರ ಓಕಾರವನ್ನು ಯೂನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಬಿಡಿ ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಎಂಜಿನ್ನಿಗೆ ಮಾತ್ರ ಬೇರೆ ಬೇರೆ. ಫೈಲು ಒಳಗೆ ಹೋಗುವ ಮೊದಲು ಜಾವಾದ ನಾರ್ಮಲೈಸರ್‌ನಿಂದ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಬಿಡಿ ಚಿಹ್ನೆಗಳು ಒಂದೇ ಚಿಹ್ನೆಯಾಗುವ ರೂಪಕ್ಕೆ, ತಂದರೆ ಈ ತಾಪತ್ರಯ ಇಲ್ಲ. ಇನ್ನು, ಡಿಎಸ್‌ಎಲ್ ಸಾಲುಗಳು ಮೇಲಿಂದ ಕೆಳಗೆ ಒಂದೊಂದಾಗಿ ಹೊಂದಿಕೆ ಆಗುತ್ತವೆ. ಉದ್ದ ವಾಕ್ಯ ಮೇಲಿರಲಿ, ಅದರೊಳಗೇ ಸಿಗುವ ಗಿಡ್ಡ ವಾಕ್ಯ ಕೆಳಗಿರಲಿ.

ಓದುವವರು ತಪ್ಪು ತಿಳಿಯುವ ಜಾಗವೂ ಒಂದಿದೆ. ಹಾಳೆಯಲ್ಲಿ ಮೇಲಿರುವ ನಿಯಮ ಮೊದಲು ಓಡುತ್ತದೆ ಅಂತ ಯಾರಿಗಾದರೂ ಅನಿಸುತ್ತದೆ. ಹಾಗೆ ನಂಬಿಕೊಳ್ಳಬಾರದು. ಸರದಿ ಬೇಕಿದ್ದರೆ ಸೇಲಿಯನ್ಸ್ ಸಂಖ್ಯೆ ಕೊಡಬೇಕು, ದೊಡ್ಡ ಸಂಖ್ಯೆಗೆ ಮೊದಲ ಸರದಿ. ಒಂದು ನಿಯಮ ಚೀಲದ ದರ್ಜೆ ಬದಲಿಸಿದರೆ ಅದೇ ನಿಯಮ ಮತ್ತೆ ಎದ್ದು ಸುತ್ತುತ್ತಾ ಇರಬಹುದು. ಅದಕ್ಕೆ ನಿಯಮ ತನ್ನನ್ನೇ ಮತ್ತೆ ಎಬ್ಬಿಸದಂತೆ ತಡೆಯುವ ನೋ-ಲೂಪ್ ಹಾಕಬೇಕು, ಆದರೆ ಎರಡು ನಿಯಮಗಳು ಒಂದನ್ನೊಂದು ಎಬ್ಬಿಸುತ್ತಿದ್ದರೆ ಅದೂ ಸಾಲದು. ಜಾವಾ ಗೊತ್ತಿರುವ ಒಬ್ಬರಾದರೂ ಜೊತೆಗಿಲ್ಲದೆ ಇದಕ್ಕೆ ಕೈ ಹಾಕಬೇಡಿ.

ದಿನಾ ಬದಲಾಗುವ ಧಾರಣೆಯನ್ನು ವಾಕ್ಯಗಳಲ್ಲಿ ಬರೆಯಲೂ ಹೋಗಬೇಡಿ. ಡ್ರೂಲ್ಸ್ ಎಕ್ಸೆಲ್ ಹಾಳೆಯಲ್ಲಿರುವ ನಿಯಮಗಳನ್ನೂ ಓದುತ್ತದೆ. ಧಾರಣೆ ಅಲ್ಲಿರಲಿ, ಕಚೇರಿಯವರೇ ಬೆಳಗ್ಗೆ ತಿದ್ದಿಕೊಳ್ಳುತ್ತಾರೆ.